ನೀಲಿ ಹೆಂಗಸಿನ ಮನಸ್ಸು ಬಲ್ಲ ಮಹಾದೇವಯ್ಯ

ಕುಂದೂರಿನ ಮಹಾದೇವಯ್ಯನವರಿಗೆ ಇನ್ನೊಬ್ಬರ ಮನಸ್ಸಿನಲ್ಲಿರುವುದೆಲ್ಲ ಗೊತ್ತಾಗುತ್ತಿತ್ತು. ಗೊತ್ತಾಗದೆ ಇದ್ದದ್ದು ಆ ಇನ್ನೊಬ್ಬರು ಬಾಯಿ ಬಿಟ್ಟು ಹೇಳಿದ್ದು ಮಾತ್ರ. ಮದುವೆ ದಲ್ಲಾಳಿ ಕಸುಬಿಗೆ ಅದರ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ ಬಿಡಿ.

ಈ ಕಡೆಯ ಹೆಣ್ಣು ನೋಡುವ ಶಾಸ್ತ್ರ ಹೇಗೆಂದು ಗೊತ್ತಲ್ಲ. ಹುಡುಗಿ ಕಾಫಿ ಲೋಟ ತಂದುಕೊಟ್ಟು ನೆಲ ನೋಡುತ್ತಾಳೆ. ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಇಬ್ಬರೂ ತುಟಿ ಎರಡು ಮಾಡುವುದಿಲ್ಲ. ಆಗ ಮಹಾದೇವಯ್ಯ ಹುಡುಗನ ಮನಸ್ಸಿನಲ್ಲಿ ಏನಿದೆಯೆಂದು ಹೆಣ್ಣಿನ ಕಡೆಯವರಿಗೂ, ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ಗಂಡಿನ ಕಡೆಯವರಿಗೂ ಗಂಟಲು ಸರಿಮಾಡಿಕೊಂಡು ತಿಳಿಸುತ್ತಿದ್ದರು. ದೋಣಿಗಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಶಿವಯ್ಯ ಹೆಣ್ಣು ನೋಡಲು ಹೋದಾಗ ಕಣ್ಣರಳಿಸಿ ನೋಡಿದ್ದು ಕೇಸರಿಬಾತನ್ನು. "ಹುಡುಗ ಕಣ್ಣು ಕೀಳ್ಲೇ ಇಲ್ಲ ಕಣ್ರೀ" ಎಂದರು ಮಹಾದೇವಯ್ಯ. ಸುಳ್ಳೇನಲ್ಲ. ಇನ್ನೊಂದು ಮನೆಯಲ್ಲಿ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅದನ್ನು ಆನಂದಬಾಷ್ಪವೆಂದು ತೀರ್ಮಾನಿಸಿ ಲಗ್ನ ಮಾಡಿಸಿದರು. ಆ ಹುಡುಗಿ ಆಮೇಲೆ ಹೇಗಿದ್ದಾಳೆಂದು ವಿಚಾರಿಸಲು ಅವರು ಆ ಊರಿನ ಕಡೆ ತಲೆ ಹಾಕಲಿಲ್ಲ. ಮನಸ್ಸು ಓದುವವರಿಗೆ ಹೋಗಿ ಕೇಳುವ ಕಷ್ಟ ಯಾಕೆ?

ತೊಂಬತ್ತೊಂಬತ್ತರಲ್ಲಿ ಕುಂದೂರಿಗೆ ಕೇಬಲ್ ಬಂತು. ಪರಮಶಿವಯ್ಯನ ದಿನಸಿ ಅಂಗಡಿಯಲ್ಲಿ ಸಕ್ಕರೆ ಮೂಟೆಯ ಮೇಲೆ ಹಲಗೆ ಹಾಸಿ ಟಿವಿ ಕೂರಿಸಿದ್ದರು. ಭಾನುವಾರ ಸಂಜೆ ಅದರಲ್ಲೊಂದು ಇಂಗ್ಲಿಷ್ ಸೀರಿಯಲ್ ಬರುತ್ತಿತ್ತು. ಬೇರೆ ಗ್ರಹದ ನೀಲಿ ಮೈಯ ಹೆಂಗಸೊಬ್ಬಳು, ನಮ್ಮ ಭೂಮಿಯ ಕ್ಯಾಪ್ಟನ್ ಒಬ್ಬ. ಯಾವುದೋ ಅಪಘಾತದಲ್ಲಿ ಇಬ್ಬರ ಮನಸ್ಸೂ ಒಂದಕ್ಕೊಂದು ಅಂಟಿಕೊಂಡಿತ್ತು. ಇವನು ಯೋಚಿಸಿದ್ದು ಅವಳಿಗೆ ಕೇಳುತ್ತದೆ, ಅವಳು ಯೋಚಿಸಿದ್ದು ಇವನಿಗೆ. ಇಬ್ಬರೂ ತುಟಿ ಅಲ್ಲಾಡಿಸದೆ ಎದುರುಬದುರು ನಿಲ್ಲುತ್ತಿದ್ದರು. ಅವರ ಮನಸ್ಸಿನ ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಇಂಗ್ಲಿಷಿನಲ್ಲಿ ಗುಂಯ್ ಎಂದು ಕೇಳುತ್ತಿತ್ತು. ಅಂಗಡಿಯಲ್ಲಿ ಯಾರಿಗೂ ಒಂದಕ್ಷರ ಅರ್ಥವಾಗುತ್ತಿರಲಿಲ್ಲ.

ಮಹಾದೇವಯ್ಯನವರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಒಬ್ಬ ಗಂಡು, ಒಬ್ಬಳು ಹೆಣ್ಣು, ಇಬ್ಬರೂ ಬಾಯಿ ಬಿಡುತ್ತಿಲ್ಲ ಎಂದಮೇಲೆ ಅದು ಅವರದೇ ಇಲಾಖೆ.

"ಏನಂತವಳೆ ಮಹಾದೇವಣ್ಣ?" ಎಂದು ಪರಮಶಿವಯ್ಯ ಕೇಳುತ್ತಿದ್ದ.

"ನಿನ್ನ ಬುಟ್ಟು ಒಂದು ಗಳಿಗೆ ಇರಾಕಾಗಲ್ಲ ಅಂತವಳೆ. ಮನೆತನದೋಳು, ಬಾಯಿಬಿಟ್ಟು ಹೇಳಾಕೆ ನಾಚಿಕೆ."

ಅಂಗಡಿಯೇ ತಲೆದೂಗುತ್ತಿತ್ತು. ನೀಲಿ ಹೆಂಗಸು ಹಣೆ ಹಿಡಿದುಕೊಂಡರೆ ವಿರಹ, ಬಾಗಿಲು ಹಾಕಿಕೊಂಡರೆ ಲಜ್ಜೆ, ಕೈಗೆ ಸಿಕ್ಕಿದ್ದನ್ನು ಕ್ಯಾಪ್ಟನ್ನನ ಮೇಲೆ ಎಸೆದರೆ ಸಲುಗೆ. ಬೇರೆ ಗ್ರಹದವರ ಮನಸ್ಸನ್ನೇ ಓದುವವರು ಇಲ್ಲೇ ಬಿಸಿಲೆ ಊರಿನ ಹುಡುಗಿಯ ಮನಸ್ಸು ಓದದೆ ಇರುತ್ತಾರೆಯೇ ಎಂದು ಜನ ಮಾತಾಡಿಕೊಂಡರು. ಸಂಬಂಧ ಕೇಳಿಕೊಂಡು ಬರುವವರು ಹೆಚ್ಚಾದರು. ಎಲ್ಲರಿಗಿಂತ ಗಟ್ಟಿಯಾಗಿ ಅದನ್ನು ನಂಬಿದವರು ಸ್ವತಃ ಮಹಾದೇವಯ್ಯನವರೇ.

ಅವರಿಗೊಬ್ಬಳು ಮಗಳು, ಸುಮನಾ. ಆಲೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಒಂದು ಭಾನುವಾರ ಎಣ್ಣೆ ತರಲು ಅಂಗಡಿಗೆ ಹೋದವಳು, ಅಪ್ಪ ನೀಲಿ ಹೆಂಗಸಿನ ಮನಸ್ಸನ್ನು ಊರಿಗೆ ಬಿಡಿಸಿ ಹೇಳುವುದನ್ನು ಬಾಗಿಲಲ್ಲೇ ನಿಂತು ಕೇಳಿದಳು. ಏನೋ ಹೇಳಲು ಬಾಯಿ ತೆರೆದಳು. ತುಂಬಿದ ಅಂಗಡಿ ನೋಡಿ ಸುಮ್ಮನಾಗಿ, ಎಣ್ಣೆ ತೆಗೆದುಕೊಂಡು ಹೋದಳು. ಮಗಳಿಗೆ ತಮ್ಮ ಬಗ್ಗೆ ಹೆಮ್ಮೆ ಉಕ್ಕಿ ಮಾತೇ ಹೊರಡಲಿಲ್ಲವೆಂದು ಮಹಾದೇವಯ್ಯ ಅರ್ಥ ಮಾಡಿಕೊಂಡರು.

ಇಂಥ ಮಗಳಿಗೆ ಅವರು ಹುಡುಕಿದ್ದು ಸಕಲೇಶಪುರದ ಹಾರ್ಡ್‌ವೇರ್ ಅಂಗಡಿಯ ಸಾಹುಕಾರ ಚಂದ್ರಶೇಖರನ ಮಗ ಅಭಿಲಾಷ್‌ನನ್ನು. ಜೀವಮಾನವೆಲ್ಲ ಊರವರ ಮದುವೆ ಕುದುರಿಸಿದವರು ತಮ್ಮ ಮನೆಗೇ ಇಂಥ ಸಂಬಂಧ ತಂದರೆ ಅದಕ್ಕಿಂತ ಗೌರವ ಬೇಕೆ? ಗಂಡಿನ ಕಡೆಯವರದು ಒಂದೇ ಮಾತು, ಸೊಸೆ ಮದುವೆಯಾದ ಮೇಲೆ ಕೆಲಸಕ್ಕೆ ಹೋಗಬಾರದು. ಮಹಾದೇವಯ್ಯ ಅಲ್ಲೇ ಕಣ್ಣು ಮುಚ್ಚಿ ಮಗಳ ಮನಸ್ಸನ್ನು ನೋಡಿಕೊಂಡು, ಅವಳಿಗೂ ಅದೇ ಆಸೆಯೆಂದು ತಿಳಿಸಿಬಿಟ್ಟರು. ಸುಮನಾ ಆ ಹೊತ್ತಿಗೆ ಆಲೂರಿನಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದಳು.

ಹೆಣ್ಣು ನೋಡುವ ದಿನ ಬಂತು. ಸುಮನಾ ಕಾಫಿ ಕೊಟ್ಟಳು. ಅಭಿಲಾಷ್ ಕ್ಯಾಲೆಂಡರ್ ನೋಡಿದ. ಅವಳು ಒಳಗೆ ಹೋದದ್ದೇ ತಡ, ಮಹಾದೇವಯ್ಯ ಗಂಟಲು ಸರಿಮಾಡಿಕೊಂಡರು.

"ನಮ್ಮ ಹುಡುಗಿಗೆ ಪೂರ್ತಿ ಒಪ್ಪಿಗೆ ಐತೆ ಸಾವ್ಕಾರ್ರೇ. ಇಸ್ಕೂಲಿಗೆ ಯಾವತ್ತು ರಾಜೀನಾಮೆ ಕೊಡ್ಲಿ ಅಂತ ಅವಳೇ ಕಾಯ್ತಾವಳೆ."

"ಅಪ್ಪಾಜಿ, ಒಂದ್ನಿಮಿಷ ಒಳಗೆ ಬನ್ನಿ" ಎಂದು ಅಡುಗೆಮನೆಯಿಂದ ಸುಮನಾ ಕರೆದಳು.

ಒಳಗೆ ಒಲೆಯ ಪಕ್ಕ ಹೆಂಡತಿ ಸುಲೋಚನಮ್ಮ ಸೌಟು ಹಿಡಿದು ನಿಂತಿದ್ದರು.

"ನಾನು ಸ್ಕೂಲ್ ಬಿಡ್ತೀನಿ ಅಂತ ನಿಮಗ್ಯಾರು ಹೇಳಿದ್ರು?" ಎಂದಳು ಸುಮನಾ.

"ಹೇಳ್ಬೇಕೇನವ್ವ? ಹೆತ್ತ ಮಗಳ ಮನಸು ನಂಗೆ ಗೊತ್ತಾಗಲ್ವಾ? ಆ ನೀಲಿ ಹೆಂಗಸಿನ ಮನಸೇ ಗೊತ್ತಾಗ್ತದೆ. ಇಡೀ ಊರೇ ಒಪ್ಪೈತೆ."

"ಆ ಹೆಂಗಸು ಏನಂತಾಳೆ ಹೇಳಿ ನೋಡೋಣ."

"ನಿನ್ನ ಬುಟ್ಟು ಇರಾಕಾಗಲ್ಲ ಅಂತಾಳೆ."

"ನನ್ನ ತಲೆಯೊಳಗಿಂದ ಆಚೆ ಹೋಗು ಅಂತಾಳೆ ಅಪ್ಪಾಜಿ. ಪ್ರತಿ ವಾರ ಅದನ್ನೇ ಹೇಳ್ತಾಳೆ. ಅವನು ಕೇಳಿಸ್ಕೊಳಲ್ಲ. ಆ ಕಥೆ ಇರೋದೇ ಅಷ್ಟು."

ಮಹಾದೇವಯ್ಯನವರ ಕಿವಿ ಬಿಸಿಯಾಯಿತು. ಪರಮಶಿವಯ್ಯನ ಅಂಗಡಿ, ತಲೆದೂಗಿದ ಜನ, ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದರು.

"ಅವತ್ತೇ ಯಾಕೆ ಹೇಳ್ಲಿಲ್ಲ ಮತ್ತೆ?"

"ಅಷ್ಟು ಜನದ ಮುಂದೆ ನಿಮಗೆ ಅವಮಾನ ಆಗ್ತಿತ್ತು."

ಆಗ ಅವರು ಮಗಳ ಮುಖ ನೋಡಿದರು. ಅವಳು ಹಜಾರದ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಇಷ್ಟು ಹೇಳಿದ ಮೇಲೂ ಅಪ್ಪ ಹಜಾರಕ್ಕೆ ಹೋಗಿ ತಮಗೆ ತೋಚಿದ್ದನ್ನೇ ಹೇಳಿಬಿಟ್ಟರೆ ಎಂದು ಅವಳಿಗೆ ಭಯವಾಗಿತ್ತು. ಅದನ್ನು ತಿಳಿಯಲು ಯಾವ ವಿದ್ಯೆಯೂ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ತಾವು ಲಗ್ನ ಮಾಡಿಸಿದ ಎಷ್ಟು ಹುಡುಗಿಯರು ಹೀಗೇ ಅಡುಗೆಮನೆಯಲ್ಲಿ ನಿಂತಿದ್ದರೋ ಎಂದು ಅವರಿಗೆ ಮೊದಲ ಸಲ ಅನ್ನಿಸಿತು.

"ನಿಂಗೇನು ಬೇಕವ್ವ?" ಎಂದು ಕೇಳಿದರು. ಕೇಳಿ ಅಭ್ಯಾಸವಿಲ್ಲದ್ದರಿಂದ ದನಿ ಸರಿಯಾಗಿ ಹೊರಡಲಿಲ್ಲ.

"ಈ ಸಂಬಂಧ ಬೇಡ. ಸ್ಕೂಲ್ ಬಿಡಲ್ಲ ನಾನು."

ಮಹಾದೇವಯ್ಯ ಹಜಾರಕ್ಕೆ ಬಂದು ನಿಂತರು.

"ಸಾವ್ಕಾರ್ರೇ, ನಮ್ಮ ಹುಡುಗಿ ಬೇಡ ಅಂತವಳೆ. ಇಸ್ಕೂಲು ಬಿಡಲ್ವಂತೆ."

ಚಂದ್ರಶೇಖರ ಲೋಟ ಕೆಳಗಿಟ್ಟ. "ಈಗಿನ್ನೂ ಪೂರ್ತಿ ಒಪ್ಪಿಗೆ ಐತೆ ಅಂದ್ರಲ್ಲ ಮಾರಾಯ್ರೇ?"

"ಅದು ನಾನು ಹೇಳಿದ್ದು" ಎಂದರು ಮಹಾದೇವಯ್ಯ. "ಇದು ಅವಳು ಹೇಳಿದ್ದು."