ಗಾಲ್ಫಿನ ಗಿಡ್ಡ ಕೋಲು

ನಮ್ಮವರಿಗೆ ಸಾಮಾನು ಆರಿಸಲು ಬರುತ್ತಿರಲಿಲ್ಲ. ಬದನೆಕಾಯಿ ತರಲು ಕಳಿಸಿದರೆ ಹುಳುಕನ್ನೇ ಹುಡುಕಿ ತರುವ ಮನುಷ್ಯ. ಹೀಗಾಗಿ ಹುಬ್ಬಳ್ಳಿಯ ರೈಲ್ವೆ ಸಾಹೇಬರು ತಮ್ಮ ಮೈದಾನಕ್ಕೆ ಗಾಲ್ಫ್ ಆಡಲು ಅವರನ್ನೂ ಕರೆದಾಗ, ಕೋಲುಗಳನ್ನು ಆರಿಸಲು ನಾನೂ ಹೊರಟೆ. ಆಗ ಯುದ್ಧ ನಡೆದಿತ್ತು. ಸಾಹೇಬರು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ಆಡಲು ಜೊತೆ ಸಾಲದೆ ನಮ್ಮವರಂಥ ಅಧಿಕಾರಿಗಳ ನೆನಪಾಗಿತ್ತು. ಕಾರ್ಯವಾಸಿ ಕತ್ತೆಕಾಲು ಎಂದು ನಾನು ನಕ್ಕರೆ ಅವರಿಗೆ ಸಿಟ್ಟು ಬಂತು.

ವಿಲಾಯತಿಗೆ ಹೊರಟಿದ್ದ ಒಬ್ಬ ಸಾಹೇಬರ ಬಂಗಲೆಗೆ ಹೋದೆವು. ಅವರ ಹೆಂಡತಿ ಜಗುಲಿಯ ಮೇಲೆ ಗಂಡನ ಕೋಲುಗಳನ್ನು ಮಾರಲೆಂದು ಸಾಲಾಗಿ ಒರಗಿಸಿದ್ದರು. ಕಟ್ಟಿಗೆಯ ಹಿಡಿ, ತುದಿಗೆ ಕಬ್ಬಿಣದ ಮೂತಿ. ನಮ್ಮವರು ಹೆಣ್ಣು ನೋಡಲು ಬಂದ ವರನ ಹಾಗೆ ಕೈಕಟ್ಟಿ ನಿಂತುಬಿಟ್ಟರು. ಮಂಗಳವಾರದ ಸಂತೆಯಲ್ಲಿ ಗಡಿಗೆ ಆರಿಸುವಾಗ ಮಾಡುವಂತೆ ನಾನು ಒಂದೊಂದೇ ಕೋಲನ್ನು ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಟ್ಟೆ. ಒಂದು ಒಡಕು ಗಡಿಗೆಯಂತೆ ಬದ್ದೆಂದಿತು.

“ಇದು ಬ್ಯಾಡ್ರಿ, ಒಳಗ ಸೀಳೈತಿ” ಎಂದೆ.

ಮೇಮ್‌ಸಾಹೇಬರು ನೋಡಿದರು. ಹಿಡಿಗೆ ಸುತ್ತಿದ ಚರ್ಮದ ಕೆಳಗೆ ನಿಜಕ್ಕೂ ಕೂದಲೆಳೆಯಷ್ಟು ಬಿರುಕಿತ್ತು. ಅವರು ಜೋರಾಗಿ ನಕ್ಕು ಒಳಗೆ ಹೋಗಿ ತಮ್ಮದೇ ಒಂದು ಕೋಲು ತಂದರು. ಉಳಿದವುಗಳಿಗಿಂತ ಗಿಡ್ಡ, ಹಗುರ. ನನ್ನ ಕೈಗೆ ಕೊಟ್ಟು, ಬೆರಳು ಹೇಗೆ ಹಿಡಿಯಬೇಕೆಂದು ತೋರಿಸಿ, ಅಂಗಳದಲ್ಲಿ ಚೆಂಡಿಟ್ಟರು.

ಹುಡುಗಿಯಾಗಿದ್ದಾಗ ಧಾರವಾಡದ ನಮ್ಮ ಓಣಿಯಲ್ಲಿ ಚಿಣಿಕೋಲಿನ ಆಟದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ನಾನು ದೊಡ್ಡವಳಾದ ವಾರವೇ ಅವ್ವ ನನ್ನ ಕೋಲನ್ನು ಬಚ್ಚಲ ಒಲೆಗೆ ಹಾಕಿದ್ದಳು. ನೀರು ಚೆನ್ನಾಗಿ ಕಾಯಿತು ಅಂತ ಬೇರೆ ಹೇಳಿದಳು. ಅದಾದಮೇಲೆ ನಾನು ಯಾವುದಕ್ಕೂ ಕೈಬೀಸಿ ಹೊಡೆದವಳಲ್ಲ, ಅರಿವೆ ಒಗೆಯುವುದೊಂದನ್ನು ಬಿಟ್ಟರೆ.

ಕಚ್ಚೆ ಬಿಗಿಮಾಡಿ ಬೀಸಿದೆ. ಟಕ್ ಎಂದಿತು. ಚೆಂಡು ಬೇವಿನ ಮರ ದಾಟಿ ಹೋಯಿತು.

“ಭಲೇ!” ಎಂದರು ನಮ್ಮವರು. ಮದುವೆಯಾದಂದಿನಿಂದ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ನನಗೆ ಅಳುವೇ ಬಂತು, ಅಷ್ಟು ಖುಷಿ.

ಈ ಕೋಲು ನಿನಗೆ, ನನ್ನ ನೆನಪಿಗೆ ಇಟ್ಟುಕೋ ಎಂದು ಮೇಮ್‌ಸಾಹೇಬರು ಹರಕು ಹಿಂದುಸ್ತಾನಿಯಲ್ಲಿ ಹೇಳಿದರು.

ನಮ್ಮ ಧಾರವಾಡದ ಮನೆಗಳಲ್ಲಿ ಯಾರಾದರೂ ಏನಾದರೂ ಕೊಟ್ಟರೆ ತಟ್ಟನೆ ಕೈಯೊಡ್ಡುವುದು ಸಣ್ಣತನ. ಮೊದಲು ಬೇಡ ಎನ್ನಬೇಕು. ಕೊಡುವವರು ಒತ್ತಾಯ ಮಾಡಬೇಕು. ಮತ್ತೊಮ್ಮೆ ಬೇಡ ಎಂದು, ಆಮೇಲೆ ‘ಇಷ್ಟ ಅಂತೀರಂದ ಮ್ಯಾಲ’ ಎನ್ನುತ್ತ ತೆಗೆದುಕೊಳ್ಳಬೇಕು. ಅರ್ಧ ಕಪ್ಪು ಚಹಾ ಕುಡಿಯಲೂ ನಮಗೆ ಇಷ್ಟು ನಾಟಕ ಬೇಕು. ನಾನು ಕೋಲನ್ನು ಎದೆಗೆ ಒತ್ತಿಕೊಂಡೇ “ನಕೋ ಜಿ, ನಕೋ” ಎಂದೆ.

ಆಕೆ ಮೆಲ್ಲನೆ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು.

ನಾನು ನಮ್ಮವರ ಮುಖ ನೋಡಿದೆ. ಅವರು ಸೀಳಿದ್ದೊಂದನ್ನು ಬಿಟ್ಟು ಉಳಿದವನ್ನು ಚೀಲಕ್ಕೆ ತುಂಬುತ್ತಿದ್ದರು. ಸಾಹೇಬರ ಜೊತೆ ಕೆಲಸ ಮಾಡಿ ಮಾಡಿ ಅವರಿಗೂ ಹೂಂ ಎಂದರೆ ಹೂಂ, ಬೇಡ ಎಂದರೆ ಬೇಡ. ಅದನ್ನು ದೊಡ್ಡ ಗುಣವೆಂದು ಹೇಳಿಕೊಂಡು ತಿರುಗುತ್ತಿದ್ದರು. ಟಾಂಗಾದಲ್ಲಿ ದಾರಿಯುದ್ದಕ್ಕೂ ನನ್ನ ಅಂಗೈ ಸುಮ್ಮನೆ ಮುಚ್ಚಿ ತೆರೆಯುತ್ತಿತ್ತು.

ನಮ್ಮವರು ರವಿವಾರ ರವಿವಾರ ಆಡಲು ಹೋದರು. ಹೆಚ್ಚು ಕಾಲ ಹುಡುಕಿದ್ದು ಚೆಂಡನ್ನೇ. ಎರೆ ನೆಲ, ಹುಲ್ಲು ಹೆಸರಿಗೂ ಇಲ್ಲ. ಚೆಂಡು ಬೀಳಿಸುವ ಕುಣಿಯ ಸುತ್ತ ಮರಳಿಗೆ ಎಣ್ಣೆ ಸುರಿದು ಸಮ ಮಾಡುತ್ತಿದ್ದರಂತೆ. ಸಂತೆಗೆ ಹೋಗುವಾಗ ಆ ಮೈದಾನದ ಬದಿಯಲ್ಲಿ ಟಾಂಗಾ ನಿಧಾನವಾದರೆ ನಾನು ಆ ಟಕ್ ಸದ್ದಿಗೆ ಕಿವಿ ನೆಟ್ಟು ಕೂಡುತ್ತಿದ್ದೆ. ಮಗ್ಗುಲಲ್ಲಿ ಕೂತ ಅತ್ತೆಗೆ ಏನು ಹೇಳಲಿ? ಬಯಸಿದ್ದನ್ನು ಹೇಳಲೂ ಬಾರದ ವಯಸ್ಸು ಅದು.

ಸ್ವಾತಂತ್ರ್ಯ ಬಂದ ವರ್ಷ ನಮ್ಮವರಿಗೆ ಸೊಂಟ ಹಿಡಿದು ಆಟ ನಿಂತಿತು. ಆ ಮಹಾನವಮಿಯ ಖಂಡೇಪೂಜೆಗೆ, ಅದೇ ಆಯುಧಪೂಜೆಗೆ, ಮನೆಯ ಈಳಿಗೆ, ಕತ್ತರಿಗಳ ಜೊತೆ ಕೋಲುಗಳನ್ನೂ ಒರೆಸಿಡುತ್ತಿದ್ದೆ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಒಂದನ್ನು ಹಿಡಿದು, ಮೇಮ್‌ಸಾಹೇಬರು ತೋರಿಸಿದಂತೆ ಬೆರಳು ಹೆಣೆದು ನಿಂತೆ. ಉದ್ದವಾಯಿತು. ಹಿಡಿ ಹೊಟ್ಟೆಗೆ ತಾಗಿತು.

ಪಡಸಾಲೆಯಿಂದ ನಮ್ಮವರು ನೋಡಿದರು. ಪೇಪರು ಕೆಳಗಿಟ್ಟರು.

“ಅದು ನಿನಗ ಉದ್ದ ಆತು. ಸಣ್ಣದೊಂದು ಎಲ್ಲ್ಯರ ಸಿಕ್ಕರ ತರಲೇನು?”

ಹೂಂ ಎನ್ನಲು ಬಾಯಿ ತೆರೆದೆ.

“ಬ್ಯಾಡ್ರಿ” ಎಂದೆ. “ನನಗ್ಯಾಕ ಅದು, ಈ ವಯಸ್ಸಿನ್ಯಾಗ?”

ಎಂದು ಕೋಲು ಹಿಡಿದೇ ನಿಂತೆ, ಇನ್ನೊಮ್ಮೆ ಕೇಳಲಿ ಎಂದು. ಅವರು ಕನ್ನಡಕ ಸರಿಮಾಡಿಕೊಂಡು ಪೇಪರು ಎತ್ತಿಕೊಂಡರು.