ಬೊಬೆ ಗಿಟ್ಲ್ ಮುಳುಗಿಸಿದ ಬೋಗುಣಿ

ಹೊಸ ಸೌಟನ್ನು ಮುಳುಗಿಸಲು ಬಗ್ಗಿದ ಗಿಟ್ಲ್, ಸೌಟಿನ ಜತೆಗೆ ತಾನೂ ಮುಳುಗಿದಳು. ಜೆರುಸಲೇಮಿನ ಆ ಓಣಿಯ ಹೆಂಗಸರೆಲ್ಲ ಪಾತ್ರೆ ಹಿಡಿದು ಸಾಲುಗಟ್ಟಿದ್ದ ಹೊತ್ತಿನಲ್ಲೇ ಮಳೆನೀರಿನ ತೊಟ್ಟಿಯಿಂದ ಎರಡು ಉಣ್ಣೆಯ ಕಾಲುಚೀಲಗಳು ಆಕಾಶ ನೋಡಿದವು. ನಾಲ್ವರು ಸೇರಿ ಎಳೆದು ಮೇಲೆ ಹಾಕಿದಾಗ ಸೌಟು ಅವಳ ಮುಷ್ಟಿಯಲ್ಲೇ ಇತ್ತು.

"ಗಟ್ಟಿಯಾಗಿ ಹಿಡ್ಕೊಂಡುಬಿಟ್ಟೆ. ಹಿಡಿಗೆ ನೀರೇ ತಾಗಿಲ್ಲ. ಇನ್ನೊಂದು ಸಲ ಮುಳುಗಿಸ್ಬೇಕು," ಎಂದಳು.

ತೊಟ್ಟಿ ನೋಡಿಕೊಳ್ಳುವ ರೆಬ್ ಹೆನಖ್ ಬೆವರೊರೆಸಿಕೊಂಡ. "ಸಾಕು ಬೊಬೆ! ಇನ್ನು ನೀವು ಒಳಗೆ ಬರೋದು ಬೇಡ. ಸೊಸೆ ಕೈಲಿ ಕಳಿಸಿ."

"ಅಡುಗೆಮನೆ ನಂದು, ಕೈ ಸೊಸೇದಾ?"

ಬೊಬೆ ಎಂದರೆ ಅಜ್ಜಿ. ಓಣಿಯಲ್ಲಿ ಬೊಬ್ಬೆಯೂ ಅವಳದೇ. ಯೆಹೂದಿ ಮನೆಯ ನೇಮದಂತೆ, ಉಣ್ಣುವ, ಬೇಯಿಸುವ ಹೊಸ ಪಾತ್ರೆ ಲೋಹದ್ದೋ ಗಾಜಿನದೋ ಆದರೆ, ಒಲೆ ಕಾಣುವ ಮೊದಲು ಪ್ರಾರ್ಥನೆಯೊಂದಿಗೆ ಈ ನೀರು ಕಾಣಬೇಕು. ಐವತ್ತೆರಡು ವರ್ಷ ಅವಳ ಮನೆಗೆ ಬಂದ ಒಂದು ಚಮಚವೂ ಬೇರೆಯವರ ಕೈಯಲ್ಲಿ ಮುಳುಗಿದ್ದಿಲ್ಲ. ಗಂಡ ತೀರಿಕೊಂಡ ಮೇಲೆ ಮಕ್ಕಳು ಅವಳಿಂದ ಒಂದೊಂದೇ ಕೆಲಸ ಕಸಿದುಕೊಂಡಿದ್ದರು: ಹಿಟ್ಟು ನಾದುವುದು, ಸಂತೆ, ಬೀಗದಕೈ. ಉಳಿದಿದ್ದು ಇದೊಂದು.

ಮರುದಿನದಿಂದ ಗಿಟ್ಲ್ ತೊಟ್ಟಿಯ ಬಾಗಿಲಿಗೇ ಕುರ್ಚಿ ಹಾಕಿದಳು. ಒಳಗೆ ಹೋಗುವ ಮದುವಣಗಿತ್ತಿಯರ ಪಾತ್ರೆಗಳ ತಳ ತಡವಿ, ಅಂಗಡಿಯ ಚೀಟಿಯ ಅಂಟು ಹುಡುಕಿದಳು. "ಇದನ್ನ ಅತ್ತೆಗೆ ಬಡಿಸ್ತೀಯೇನೇ? ಅಂಟಿದ್ದ ಕಡೆ ನೀರು ತಾಗತ್ತಾ? ಉಜ್ಜು!" ಹುಡುಗಿಯರು ನಕ್ಕರು, ಉಜ್ಜಿದರು.

ಮೂರನೆಯ ವಾರ ಅವಳೇ ಒಂದು ಭಾರೀ ತಾಮ್ರದ ಬೋಗುಣಿ ಹೊತ್ತು ಬಂದಳು. ಹೆನಖ್ ಬಾಗಿಲಿಗೆ ಅಡ್ಡ ನಿಂತ.

"ಮತ್ತೆ ಬಿದ್ರೆ?"

"ಎತ್ತಿಸಿ. ಹೋದ ಸಲ ಎತ್ತಿಸ್ಲಿಲ್ವಾ?"

"ನಾಲ್ಕು ಜನ ಬೇಕಾಯ್ತು!"

"ಈ ಸಲ ಐದು ಜನಾನ ಕರೀರಿ. ನಾನೇನು ಸಣ್ಣಗಾಗಿಲ್ಲ."

ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಗಾಜಿನ ಲೋಟಗಳ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. "ಬೊಬೆ ಹೋಗೋ ತನಕ ನಾನೂ ಹೋಗಲ್ಲ." ಹಿಂದಿನವಳೂ ಇಟ್ಟಳು. ಸಾಲು ಬೀದಿಗಿಳಿದು, ಬ್ರೆಡ್ಡಿನ ವ್ಯಾನು ಹಾರ್ನ್ ಬಾರಿಸತೊಡಗಿದ ಮೇಲೆ ಹೆನಖ್ ಪಕ್ಕಕ್ಕೆ ಸರಿದ.

"ಕಂಬಿನಾದ್ರೂ ಹಿಡ್ಕೊಳ್ಳಿ, ನಿಮ್ಮ ಪುಣ್ಯ."

ಒಂದು ಕೈ ಕಂಬಿಗೆ, ಒಂದು ಕೈ ಬೋಗುಣಿಗೆ. ಗಿಟ್ಲ್ ಬೆರಳು ಸಡಿಲಿಸಿದಳು, ಬೋಗುಣಿ ಪೂರಾ ಮುಳುಗಿತು, ಎತ್ತಿದಳು. ಮೆಟ್ಟಿಲು ಹತ್ತಿ ಬಂದಳು, ತಾನು ಒದ್ದೆಯಾಗದೆಯೇ.

ಹೆನಖ್‌ನ ಕಿವಿ ಮಾತ್ರ ಚುರುಕಾಗಿತ್ತು. "ಬೊಬೆ, ಮುಳುಗಿಸುವಾಗ ಪ್ರಾರ್ಥನೆ ಹೇಳ್ಲೇ ಇಲ್ವಲ್ಲ! ಇಷ್ಟು ದೊಡ್ಡದರಲ್ಲಿ ಏನು ಬೇಯಿಸ್ತೀರಿ?"

"ಬೇಯಿಸೋದಾ? ಇದು ಕಾಲು ನೆನೆಸೋಕೆ, ರೆಬ್ ಹೆನಖ್. ಇದನ್ನ ಮುಳುಗಿಸೋದೇ ಬೇಕಾಗಿಲ್ಲ."