ಖಡಕ್ ರೊಟ್ಟಿಯ ತಂಟೆ, ಪಂಚಮಿಯ ಡಬ್ಬಿ

ತೆಲಸಂಗದ ಈ ಓಣಿಗೆ ಇನ್ನೂ ಬೆಳಕು ಹರಿದಿಲ್ಲ, ಸಕ್ಕುಬಾಯಿಯ ಮನೆಯಿಂದ ಪಟಪಟ ಸಪ್ಪಳ ಆಗಲೇ ಶುರುವಾಗಿದೆ. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಒಲೆಯ ಮುಂದೆ ಕೂತಿದ್ದಾರೆ. ಕುದಿಯುವ ಎಸರು ಹಾಕಿ ನಾದಿದ ಜೋಳದ ಹಿಟ್ಟು ಅವರ ಅಂಗೈ ಕೆಳಗೆ ಗಿರಗಿರ ತಿರುಗುತ್ತ ತಾಟಿನಷ್ಟು ಅಗಲವಾಗುತ್ತದೆ. ಹಂಚಿಗೆ ಬಿದ್ದ ರೊಟ್ಟಿಯ ಮೇಲೆ ಒದ್ದೆ ಅರಿವೆ ಆಡಿಸಿ, ಹೊರಳಿಸಿ, ಬೆಂದ ಮೇಲೆ ಒಲೆಯ ಮಗ್ಗುಲಿಗೆ ಆನಿಸಿ ನಿಲ್ಲಿಸುತ್ತಾರೆ. ಅಲ್ಲಿ ಅದು ನಿಧಾನವಾಗಿ ಒಣಗಿ ಗರಿಯಾಗಬೇಕು.

"ಬರ್ರಿ, ಕುಂದರ್ರಿ. ಮಾತಾಡೂಣಂತ. ಆದ್ರ ಕೈ ಮಾತ್ರ ನಿಂದ್ರಂಗಿಲ್ಲ ನೋಡ್ರಿ!" ಎಂದು ನಗುತ್ತಾರೆ. ಒಣಗಿದ ರೊಟ್ಟಿಯೊಂದರ ಅಂಚು ಮುರಿದು ಕಿವಿಗೊಡುತ್ತಾರೆ. ಕಟ್ ಎಂದರೆ ಪಾಸು. "ಸಪ್ಪಳ ಬರಲಿಲ್ಲಂದ್ರ ಅದು ಮನಿ ಮಂದಿ ಪಾಲು. ಗಿರಾಕಿಗೆ ಕೊಡಂಗಿಲ್ಲ."

ಕಬ್ಬಿನ ಹಂಗಾಮಿನಲ್ಲಿ ಗಂಡ ಮುರಗೆಪ್ಪ ಉಗಾರದ ಫ್ಯಾಕ್ಟರಿಗೆ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಫ್ಯಾಕ್ಟರಿ ಮುಂದೆ ಪಾಳಿ ಹಚ್ಚಿ ದಿನಗಟ್ಟಲೆ ಕಾಯಬೇಕು. ಆ ಕಾಯುವಿಕೆಗೆಂದು ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟಿಗೆ ಉಳಿದ ಡ್ರೈವರುಗಳು ಕೈ ಹಾಕಿದರು. ಮುಂದಿನ ಖೇಪಿಗೆ "ನಮಗೂ ತರ್ರಿ" ಎಂದರು. ಹೀಗೆ ಶುರುವಾದ ದಂಧೆ ಇದು. "ರೊಟ್ಟಿ ಬಡಿಯೂದೂ ಒಂದ್ ಕೆಲಸೇನs ಅಂತ ನಕ್ಕವ್ರು ಬಾಳ ಮಂದಿ. ಭುಜ ಹಿಡಿತಿತ್ತು, ಬೆರಳು ಸುಡತಿತ್ತು. ಹೇಳಿದ್ರ ಯಾರ್ ಕೇಳ್ತಾರ? ಎಲ್ಲಾರ ಮನ್ಯಾಗೂ ಹೆಂಗಸರು ರೊಟ್ಟಿ ಬಡದs ಬಡೀತಾರಲ್ಲ!"

ಇಂದು ಪಕ್ಕದ ಮನೆಯ ಸತ್ತೆವ್ವ ಸೇರಿ ಓಣಿಯ ಮೂವರು ಹೆಂಗಸರು ಅವರ ಜೊತೆ ಒಲೆ ಹಚ್ಚುತ್ತಾರೆ. ದಿನಕ್ಕೆ ಮುನ್ನೂರರ ಆಸುಪಾಸು ರೊಟ್ಟಿ. ಹಬ್ಬ ಬಂತೆಂದರೆ ಲೆಕ್ಕ ಕೇಳಲೇಬೇಡಿ. ಇದೆಲ್ಲ ಸೊಸೆ ಮನೀಷಾಳ ಫೋನಿನ ಪ್ರತಾಪ. 'ತೆಲಸಂಗದ ಖಡಕ್ ರೊಟ್ಟಿ' ಎಂದು ಆನ್‌ಲೈನಿನಲ್ಲಿ ಪುಟ ತೆರೆದು ಜಾಹೀರಾತು ಹಾಕಿದವಳು ಅವಳೇ. ಪುಣೆ, ಹುಬ್ಬಳ್ಳಿ, ಬೆಂಗಳೂರು ಎಲ್ಲೆಡೆಯಿಂದ ಬೇಡಿಕೆ ಬರತೊಡಗಿತು.

ಹೋದ ಶ್ರಾವಣದಲ್ಲಿ, ಪಂಚಮಿ ಎದುರಿಗಿರುವಾಗಲೇ, ಆ ಪುಟ ಮಾಯವಾಯಿತು. ಬೆನ್ನಿಗೇ ಅಂಚೆಯಲ್ಲಿ ನೋಟೀಸು. ದೂರದ ಊರಿನ ಕಂಪನಿಯೊಂದು 'ಖಡಕ್' ಎಂಬ ಹೆಸರಿನಲ್ಲಿ ಡಬ್ಬಿ ರೊಟ್ಟಿ ಮಾರುತ್ತದಂತೆ, ಆ ಹೆಸರನ್ನು ನೋಂದಾಯಿಸಿದೆಯಂತೆ. ಆದ್ದರಿಂದ ಜಾಹೀರಾತಿನಲ್ಲಿ ಆ ಪದ ಬೇರೆ ಯಾರೂ ಬಳಸಬಾರದು! ಪುಟ ಇಳಿದದ್ದೂ ಅವರ ದೂರಿನಿಂದಲೇ.

"ನನಗ ತಿಳೀಲೇ ಇಲ್ರಿ. ಖಡಕ್ ರೊಟ್ಟಿಗೆ ಖಡಕ್ ಅನಬಾರ್ದು ಅಂದ್ರ ಮತ್ತೇನ್ ಅನಬೇಕು? ನಮ್ಮವ್ವ ಅಂತಿದ್ಲು, ಅವರವ್ವ ಅಂತಿದ್ಲು," ಎನ್ನುತ್ತಾರೆ ಸಕ್ಕುಬಾಯಿ. ಅಂದು ಮಾತ್ರ ಈ ನಗೆ ಇರಲಿಲ್ಲ. ಪುಟ ಹೋದರೆ ಗಿರಾಕಿಗಳು ಹೋದಂತೆ, ಗಿರಾಕಿಗಳು ಹೋದರೆ ಸತ್ತೆವ್ವನ ಒಲೆಯೂ ಆರಿದಂತೆ. ಸಕ್ಕುಬಾಯಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅಥಣಿಯ ವಕೀಲೆ ಪ್ರಾಜಕ್ತಾ ಧೈರ್ಯ ತುಂಬಿದರು. ಕಂಪನಿ ನೋಂದಾಯಿಸಿದ್ದು 'ಖಡಕ್' ಎಂಬ ಅಕ್ಷರವನ್ನು ಅಲಂಕರಿಸಿ ಬರೆಸಿದ ಚಿತ್ರವನ್ನಷ್ಟೇ. ಆ ಚಿತ್ರ ಅವರದೇ, ಬೇಡ ಅಂದವರಾರು? ಆದರೆ ವಸ್ತುವಿನ ಗುಣ ಹೇಳುವ ಮಾತನ್ನು, ಆ ಗುಣ ಹೇಳಲೆಂದೇ ಬಳಸಿದರೆ, ಅದು ಎಲ್ಲರ ಮಾತು. ಇಷ್ಟನ್ನೇ ಅಚ್ಚುಕಟ್ಟಾಗಿ ಬರೆದು ಉತ್ತರ ಕಳಿಸಿದರು. "ಕಾಕು, ಇನ್ನ ಸುಮ್ನ ಕುಂದರ್ರಿ. ಏನೂ ಮಾಡಬ್ಯಾಡ್ರಿ," ಎಂದು ತಾಕೀತು ಮಾಡಿದರು.

ಸುಮ್ಮನೆ ಕೂಡ್ರುವ ಜೀವವೇ ಅದು? ನಾಗರಪಂಚಮಿಯ ಮುಂಚಿನ ದಿನ ಇಲ್ಲಿ ರೊಟ್ಟಿ ಹಬ್ಬ. ಮನೆಯಿಂದ ಮನೆಗೆ ರೊಟ್ಟಿ, ಪಲ್ಯ, ಚಟ್ನಿ ಓಡಾಡುತ್ತವೆ. ವರ್ಷವಿಡೀ ಮಾತು ಬಿಟ್ಟವರ ಮನೆಗೂ ಹೋಗುತ್ತವೆ. ಬಂದ ತಾಟು ಖಾಲಿ ಹೊಳ್ಳುವಂತಿಲ್ಲ, ಏನಾದರೂ ತುಂಬಿಯೇ ಮರಳಿಸಬೇಕು. ಸಕ್ಕುಬಾಯಿ ಸ್ಟೀಲಿನ ಡಬ್ಬಿಯಲ್ಲಿ ಅರಿವೆ ಹಾಸಿ, ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟು, ನೋಟೀಸಿನ ಮೇಲಿದ್ದ ಕಂಪನಿಯ ವಿಳಾಸಕ್ಕೇ ಕೊರಿಯರ್ ಮಾಡಿಸಿಬಿಟ್ಟರು!

ಗೊತ್ತಾದಾಗ ಮನೀಷಾ ತಲೆಯ ಮೇಲೆ ಕೈ ಹೊತ್ತಳು. "ಅತ್ತಿ, ನಮ್ಮ ಮ್ಯಾಲ ಕೇಸ್ ಹಾಕವ್ರಿಗೆ ರೊಟ್ಟಿ ಕಳಸೂದೇನ್ರಿ!"

"ಹಬ್ಬದಾಗ ಅವ್ರ ಮನಿ ಕಾಗದ ನಮ್ಮ ಬಾಗಲಿಗೆ ಬಂದೈತಿ. ಖಾಲಿ ಕೈಲೆ ಹೆಂಗ ಹೊಳ್ಳಿ ಕಳಸೂದs ಯವ್ವಾ?"

ಪ್ರಾಜಕ್ತಾ ಅದೇ ಸಂಜೆ ಅಥಣಿಯಿಂದ ಸ್ಕೂಟಿ ಹತ್ತಿ ಬಂದು ಬೈದರು. ತಪ್ಪು ಒಪ್ಪಿಕೊಂಡು ಪುಸಲಾಯಿಸಲಿಕ್ಕೆ ಕಳಿಸಿದ್ದು ಎಂದು ಆ ಕಡೆಯವರು ತಿಳಿದರೆ ಏನು ಗತಿ? ಸಕ್ಕುಬಾಯಿಗೆ ಆಗ ಅಂಜಿಕೆ ಹತ್ತಿತು. ಕಳಿಸಿದ ರೊಟ್ಟಿಯನ್ನು ವಾಪಸ್ ಕರೆಯಲು ಬರುತ್ತದೆಯೇ?

ಕೆಲವು ದಿನದ ನಂತರ, ಮುಂದಿನ ದಾರಿ ಮಾತಾಡಲು ಪ್ರಾಜಕ್ತಾ ಮನೆಗೆ ಬಂದಿದ್ದಾಗಲೇ, ಮನೀಷಾಳ ಫೋನ್ ರಿಂಗಾಯಿತು. ಕಂಪನಿಯ ಮಾಲಕರು. ಮನೀಷಾ ಸ್ಪೀಕರ್ ಹಾಕಿದಳು.

"ನಿಮ್ಮ ಡಬ್ಬಿ ತಲುಪ್ತು ಮೇಡಂ. ಅಷ್ಟು ದೂರದಿಂದ ಬಂದಿದೆ, ಒಂದು ರೊಟ್ಟಿನೂ ಮುರಿದಿಲ್ಲ. ಇಷ್ಟು ಖಡಕ್ಕಾಗಿರೋ ರೊಟ್ಟಿ ನಾನು ತಿಂದೇ ಇರ್ಲಿಲ್ಲ!"

ಪ್ರಾಜಕ್ತಾ ಫೋನಿನತ್ತ ಬಾಗಿದರು. "ಸರ್, ನಾನು ಇವ್ರ ವಕೀಲೆ. ಈಗ ನೀವು ಅಂದ್ರಲ್ರಿ, ಅದನ್ನs ಇವ್ರು ಜಾಹೀರಾತಿನಾಗ ಅಂದಿದ್ರು. ಅಷ್ಟರಿ."

ಫೋನಿನೊಳಗಿಂದ ನಗು ಕೇಳಿಬಂತು, ತಡೆದಷ್ಟೂ ಉಕ್ಕುವ ನಗು. "ನಿಮ್ಮ ಉತ್ತರಾನೂ ಓದ್ದೆ ಮೇಡಂ. ನಮ್ಮ ವಕೀಲರೂ ಅದನ್ನೇ ಹೇಳ್ತಿದ್ರು, ನಾನೇ ಹಟ ಮಾಡ್ತಿದ್ದೆ," ಎಂದರಂತೆ. ಆ ವಾರವೇ ದೂರು ಹಿಂದಕ್ಕೆ ಹೋಯಿತು, ಪುಟ ಮರಳಿ ಬಂತು. ಕಂಪನಿಯ ಚಿತ್ರ ಕಂಪನಿಗೆ, ಊರ ಮಾತು ಊರಿಗೆ. "ರೊಟ್ಟಿ ಜಾರಿ ತುಪ್ಪದಾಗ ಬಿತ್ತು" ಎಂದು ಮುರಗೆಪ್ಪ ಓಣಿ ತುಂಬ ಹೇಳಿಕೊಂಡು ತಿರುಗಿದರು. ಸತ್ತೆವ್ವ ಕುಣಿಯುವುದೊಂದು ಬಾಕಿ.

ಈಗ ಬಿಸಿಲು ಅಂಗಳಕ್ಕೆ ಇಳಿದಿದೆ. ಮನೀಷಾ ಪಾರ್ಸೆಲ್ ಕಟ್ಟುತ್ತಿದ್ದಾಳೆ. ಮುಂದಿನ ಆಸೆ ಏನು ಎಂದರೆ ಸಕ್ಕುಬಾಯಿ ಒಲೆಯತ್ತ ಕೈ ತೋರುತ್ತಾರೆ: "ಹೊಗಿ ಹೋಗಾಕ ಒಂದ್ ಚೊಲೊ ಚಿಮಣಿ ಹಾಕಿಸ್ಬೇಕ್ರಿ. ಸತ್ತೆವ್ವನ ಕಣ್ಣು ಬಾಳ ಉರಿತಾವ." ಅಷ್ಟೇ.

ಗೋಡೆಯ ಮಾಡದಲ್ಲಿ ಸ್ಟೀಲಿನ ಡಬ್ಬಿ ಹೊಳೆಯುತ್ತಿದೆ. ಅದು ಖಾಲಿ ಹೊಳ್ಳಿ ಬರಲಿಲ್ಲ. ರೂಢಿ ಯಾರು ಹೇಳಿಕೊಟ್ಟರೋ ಏನೋ, ಕಂಪನಿಯವರು ಅದರ ತುಂಬ ತಮ್ಮ ರೊಟ್ಟಿ ಇಟ್ಟು ಕಳಿಸಿದ್ದರು. ಡಬ್ಬಿ ತೆರೆದ ದಿನ ಇಡೀ ಓಣಿ ಸುತ್ತ ನೆರೆದಿತ್ತು, ಸಕ್ಕುಬಾಯಿ ಏನು ಹುಳುಕು ತೆಗೆಯುತ್ತಾರೋ ಎಂದು. ಅವರು ಒಂದು ರೊಟ್ಟಿ ಎತ್ತಿ, ಅಂಚು ಮುರಿದು, ಕಿವಿಗೊಟ್ಟರಂತೆ.

"ಕಟ್ ಅಂತು ನೋಡ್ರಿ," ಎನ್ನುತ್ತಾರೆ ಹಿಟ್ಟು ನಾದುತ್ತ. "ಸುಳ್ಳ್ ಯಾಕ ಹೇಳ್ಲಿ? ಅವ್ರವೂ ಖಡಕ್ ಅದಾವ."